ಬೇಡದ ಗಿಡ

"ಇದಕ್ಕೆ ಎಂತದೂ ಬೇಡ, ಸುಮ್ಮನೆ ಇಟ್ಟರಾಯ್ತು." ಮಂಗಳೂರಿನ ಯಾವ ನರ್ಸರಿಯಲ್ಲಿ ಕಳ್ಳಿಗಿಡಗಳ ಸಾಲಿನ ಮುಂದೆ ನಿಂತರೂ ಮಾರುವವರ ಬಾಯಿಂದ ಬರುವ ಮೊದಲ ಮಾತು ಇದೇ. ಜನವರಿಯಲ್ಲಿ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಇದು ಇನ್ನೂ ಹೆಚ್ಚು ಸಲ ಕಿವಿಗೆ ಬೀಳುತ್ತದೆ. ಗುಲಾಬಿಗೆ ಗೊಬ್ಬರ, ಔಷಧಿ, ಬಿಸಿಲು, ಕತ್ತರಿ ಎಂದು ಉದ್ದದ ಪಟ್ಟಿ ಹೇಳಿದವರು ಅಂಗೈಯಗಲದ ಕಳ್ಳಿ ಕುಂಡವನ್ನು ಕೊಡುವಾಗ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಕೊಳ್ಳುವವರ ಮುಖದಲ್ಲೂ ಒಂದು ನಿರಾಳ ಕಾಣಿಸುತ್ತದೆ. ಗಂಡಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಮನೆ ಬಿಡುವ ಫ್ಲ್ಯಾಟುಗಳಿಗೆ, ಹಾಸ್ಟೆಲಿನ ಕಿಟಕಿಗೆ, ಕಚೇರಿಯ ಮೇಜಿಗೆ ಇದಕ್ಕಿಂತ ಹೊಂದುವ ಗಿಡ ಇನ್ನೊಂದಿಲ್ಲ. ಹಸಿರು ಬೇಕು, ಕೆಲಸ ಬೇಡ. ಇಂಗ್ಲಿಷಿನಲ್ಲಿ ಇದಕ್ಕೆ 'ಲೋ ಮೇಂಟೆನೆನ್ಸ್' ಎನ್ನುತ್ತಾರೆ. ಈಗ ಕನ್ನಡದಲ್ಲೂ ಹಾಗೆಯೇ ಎನ್ನುತ್ತೇವೆ. ಗಿಡಕ್ಕೂ, ಒಮ್ಮೊಮ್ಮೆ ಮನುಷ್ಯರಿಗೂ.

ನನಗೆ ಈ ಮಾತಿನ ಮೇಲೆ ಅನುಮಾನ ಹುಟ್ಟಿದ್ದು ಮಂಗಳೂರಿನ ಮಳೆಯಿಂದ.

ಜನವರಿಯಲ್ಲಿ ಇಲ್ಲಿ ಗಾಳಿ ತೆಳು, ಬಿಸಿಲು ಓರೆ, ಬೆಳಗ್ಗೆ ಸ್ವಲ್ಪ ಚಳಿಯೂ ಇರುತ್ತದೆ. ಕೊಂಡು ತಂದ ಕಳ್ಳಿ ಐದು ತಿಂಗಳು ಯಾವ ತಕರಾರೂ ಇಲ್ಲದೆ ಕೂರುತ್ತದೆ. ಮಾರಿದವರ ಮಾತು ನಿಜವೇ ಎನ್ನಿಸುತ್ತದೆ. ಆಮೇಲೆ ಜೂನ್ ಬರುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿದು, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ದೈತ್ಯ ಕಳ್ಳಿಗಳಿಗೆ ಹೆಸರಾದ ಅರಿಜೋನಾದ ಟೂಸಾನ್ ಊರಿಗೆ ಇಡೀ ವರ್ಷದಲ್ಲಿ ಬೀಳುವುದು ಸುಮಾರು 300 ಮಿಲಿಮೀಟರು. ನಮ್ಮಲ್ಲಿ ಜುಲೈಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಉಪ್ಪಿನ ಡಬ್ಬಿ ನೀರು ಬಿಡುತ್ತದೆ, ಪುಸ್ತಕದ ಬೆನ್ನಿನ ಮೇಲೆ ಬಿಳಿ ಬೂಷ್ಟು ಏಳುತ್ತದೆ. ಆಟಿ ತಿಂಗಳಿನ ಆ ಕತ್ತಲೆಯಲ್ಲಿ, ನೀರನ್ನೇ ಹಾಕದಿದ್ದರೂ ಗಾಳಿಯೇ ತೊಯ್ದಿರುವ ಕೋಣೆಯೊಳಗೆ, ಮರುಭೂಮಿಯ ಗಿಡವೊಂದು ಕೂತಿರುತ್ತದೆ. ಅದಕ್ಕೆ ಏನೂ ಬೇಡವೇ?

ಅದಕ್ಕೆ ಬೇಕಾದದ್ದು ಬಹಳ ಇದೆ. ನೀರು ಕ್ಷಣವೂ ನಿಲ್ಲದ ಮಣ್ಣು ಬೇಕು. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಕೆಂಪು ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿದ, ಒಮ್ಮೆ ನೆನೆದರೆ ವಾರ ಒಣಗದ ಮಿಶ್ರಣ. ದಿನಕ್ಕೆ ಹಲವು ಗಂಟೆ ಒಳ್ಳೆಯ ಬೆಳಕು ಬೇಕು, ಮಳೆಗಾಲದಲ್ಲಿ ಅದು ಹೊರಗೇ ಇಲ್ಲ. ಸುತ್ತ ಗಾಳಿಯಾಡಬೇಕು, ಎರಚಲು ಬೀಳಬಾರದು. ಫ್ಲ್ಯಾಟಿನ ಬಾಲ್ಕನಿಯಲ್ಲಿ ಇವೆರಡೂ ಒಟ್ಟಿಗೆ ಸಿಗುವ ಜಾಗ ಹುಡುಕುವುದು ಅಷ್ಟು ಸುಲಭವಲ್ಲ. ಕಳ್ಳಿಗೆ ಬೇಕಾದದ್ದು ಕಡಿಮೆ ಎಂದಲ್ಲ, ಅದು ಬೇಕಾದದ್ದನ್ನು ಹೇಳುವುದು ಕಡಿಮೆ. ಮಲ್ಲಿಗೆಗೆ ನೀರು ತಪ್ಪಿದರೆ ಮಧ್ಯಾಹ್ನಕ್ಕೆ ಎಲೆ ಜೋಲು ಬೀಳುತ್ತದೆ, ಬಸಳೆಯ ಬಳ್ಳಿ ಅದಕ್ಕೂ ಮೊದಲೇ ಮುಖ ಸಪ್ಪೆ ಮಾಡುತ್ತದೆ. ಕಳ್ಳಿಯ ಬುಡದಲ್ಲಿ ಕೊಳೆ ಶುರುವಾದರೂ ಮೇಲಿನ ಹಸಿರು ವಾರಗಟ್ಟಲೆ ಹಾಗೇ ಇರುತ್ತದೆ, ತನ್ನೊಳಗೆ ಕೂಡಿಟ್ಟ ನೀರನ್ನೇ ಉಂಡು. ಒಂದು ದಿನ ಕುಂಡ ಸರಿಸಲು ಹೋದರೆ ಗಿಡ ಬುಡದಿಂದ ಕಳಚಿ ಕೈಗೆ ಬರುತ್ತದೆ.

ಇನ್ನೊಂದು ರೀತಿಯೂ ಇದೆ, ಅದು ನನಗೆ ಹೆಚ್ಚು ಕಳವಳದ್ದು. ಬೆಳಕು ಸಾಲದ ಕಳ್ಳಿ ಸೊರಗುವುದಿಲ್ಲ, ಉದ್ದವಾಗುತ್ತದೆ. ದುಂಡಗಿದ್ದದ್ದರ ನೆತ್ತಿಯಿಂದ ಬೆರಳಿನಂತೆ ತೆಳ್ಳಗಿನ, ಮಾಸಲು ಹಸಿರಿನ ಒಂದು ತುದಿ ಕಿಟಕಿಯ ಕಡೆಗೆ ಚಾಚಿಕೊಳ್ಳುತ್ತದೆ. ಮನೆಯವರು "ನೋಡಿ, ಎಷ್ಟು ಚಂದ ಬೆಳೀತಾ ಉಂಟು" ಎಂದು ಫೋಟೋ ತೆಗೆದು ಕಳಿಸುತ್ತಾರೆ. ಬೆಳಕಿಗಾಗಿ ಪರದಾಡುವುದನ್ನು ಏಳಿಗೆ ಎಂದು ಓದುವ ಈ ಅಭ್ಯಾಸ ಗಿಡಗಳ ವಿಷಯದಲ್ಲಿ ಮಾತ್ರ ಇದ್ದಿದ್ದರೆ ಚೆನ್ನಾಗಿತ್ತು. ಹತ್ತು ವರ್ಷಕ್ಕೇ ಮನೆಯ ಭಾರ ಹೊತ್ತ ಮಕ್ಕಳ ಬಗ್ಗೆ "ಎಷ್ಟು ಬೇಗ ಪ್ರಬುದ್ಧನಾದ" ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಊರಿನ ಮೂಲ 'ಕಳ್ಳಿ' ಬೇರೆ ಬಳಗದ್ದು, ಮುರಿದರೆ ಬಿಳಿ ಹಾಲು ಸುರಿಸುವ ಯುಫೋರ್ಬಿಯಾ ಜಾತಿಯದು. ಈಗ ಕುಂಡದಲ್ಲಿರುವ ಕ್ಯಾಕ್ಟಸ್ ಅಮೆರಿಕ ಖಂಡಗಳಿಂದ ಬಂದದ್ದು. ಮುಳ್ಳು ನೋಡಿ ನಾವು ಎರಡಕ್ಕೂ ಒಂದೇ ಹೆಸರು ಕೊಟ್ಟೆವು.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು. ಕನ್ನಡದಲ್ಲಿ 'ಬೇಡದ' ಎಂಬ ರೂಪಕ್ಕೆ ಎರಡು ಮುಖ. 'ಬೇಡು' ಎಂಬ ಕ್ರಿಯಾಪದದಿಂದ ಬಂದರೆ ಕೇಳದ, ಯಾಚಿಸದ ಎಂದರ್ಥ. 'ಬೇಡ' ಎಂಬ ನಿಷೇಧದಿಂದ ಬಂದರೆ ಯಾರಿಗೂ ಬೇಕಿಲ್ಲದ ಎಂದರ್ಥ. ವ್ಯಾಕರಣ ಬಲ್ಲವರು ಎರಡನ್ನೂ ಬಿಡಿಸಿ ತೋರಿಸಿಯಾರು. ಮನೆಗಳಲ್ಲಿ ಮಾತ್ರ ಮೊದಲನೆಯದು ಎರಡನೆಯದಾಗಲು ಹೆಚ್ಚು ಕಾಲ ಹಿಡಿಯುವುದಿಲ್ಲ.

ನಮ್ಮ ದೊಡ್ಡಮ್ಮನಿಗೆ ಫ್ಯಾನಿನ ಗಾಳಿ ಆಗುವುದಿಲ್ಲ ಎಂಬುದು ನಮ್ಮ ಕುಟುಂಬದಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಷ್ಟೇ ಖಚಿತವಾದ ಸಂಗತಿಯಾಗಿತ್ತು. ಹಳೆಯ ಮನೆಯಲ್ಲಿ ಇದ್ದದ್ದು ಎರಡೇ ಫ್ಯಾನು, ಒಂದು ಚಾವಡಿಯಲ್ಲಿ, ಇನ್ನೊಂದು ದೊಡ್ಡ ಕೋಣೆಯಲ್ಲಿ. ಏಪ್ರಿಲ್ ರಜೆಗೆ ಹೋದ ನಾವು ಮಕ್ಕಳೆಲ್ಲ ಚಾವಡಿಯ ಫ್ಯಾನಿನ ಕೆಳಗೆ ಸಾಲಾಗಿ ಮಲಗುತ್ತಿದ್ದೆವು. ದೊಡ್ಡಮ್ಮ ಅಡುಗೆಮನೆಗೆ ತಾಗಿದ ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದರು. "ಅವರಿಗೆ ಗಾಳಿ ಆಗುವುದಿಲ್ಲ, ತಲೆನೋವು ಬರ್ತದೆ" ಎಂದು ಯಾರೋ ಯಾವಾಗಲೋ ಹೇಳಿದ್ದರು. ಯಾರು ಹೇಳಿದ್ದು ಎಂದು ಯಾರಿಗೂ ನೆನಪಿಲ್ಲ. ಕರಾವಳಿಯ ಏಪ್ರಿಲ್ ರಾತ್ರಿಗಳು ಗೊತ್ತಿದ್ದವರಿಗೆ ಆ ಕೋಣೆಯನ್ನು ವಿವರಿಸಬೇಕಿಲ್ಲ.

ವರ್ಷಗಳಾದ ಮೇಲೆ ದೊಡ್ಡಮ್ಮ ಮಂಡಿ ಆಪರೇಷನ್ ಮಾಡಿಸಿಕೊಂಡು ಒಂದು ತಿಂಗಳು ನಮ್ಮ ಫ್ಲ್ಯಾಟಿನಲ್ಲಿದ್ದರು. ಅವರಿಗೆ ಕೊಟ್ಟ ಕೋಣೆಯಲ್ಲಿ ಫ್ಯಾನು ಇತ್ತು. ಮೊದಲ ರಾತ್ರಿ ರೆಗ್ಯುಲೇಟರು ಒಂದರಲ್ಲಿತ್ತು, ಎರಡನೆಯ ರಾತ್ರಿ ಮೂರರಲ್ಲಿ. ಆಮೇಲೆ ಹಗಲೂ ರಾತ್ರಿಯೂ ಐದರಲ್ಲಿ. ಅಮ್ಮ ಗಾಬರಿಯಾಗಿ "ಅಕ್ಕ, ನಿಮಗೆ ಫ್ಯಾನು ಆಗ್ತದಾ?" ಎಂದು ಕೇಳಿದರು. "ಆಗದೆ ಎಂತ? ಅಲ್ಲಿ ಇರ್ಲಿಲ್ಲ ಅಲ್ವಾ" ಎಂದರು ದೊಡ್ಡಮ್ಮ. ದೂರಿನ ಧ್ವನಿಯಲ್ಲ. ಬಾವಿಗೆ ಹಗ್ಗ ಇರಲಿಲ್ಲ ಎಂದು ಹೇಳಿದ ಹಾಗೆ.

ಇದರಲ್ಲಿ ಖಳನಾಯಕರನ್ನು ಹುಡುಕಿದರೆ ಸಿಗುವುದಿಲ್ಲ. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕಸಿದುಕೊಳ್ಳಲಿಲ್ಲ. ಎರಡು ಫ್ಯಾನಿನ ಮನೆಯಲ್ಲಿ ಒಬ್ಬರಿಗೆ ಫ್ಯಾನು ಬೇಡ ಎಂಬ ಸುದ್ದಿ ಎಲ್ಲರಿಗೂ ಅನುಕೂಲವಾಗಿತ್ತು. ಅನುಕೂಲವಾದ ಸುದ್ದಿಯನ್ನು ಯಾರೂ ಮರುಪರೀಕ್ಷೆ ಮಾಡುವುದಿಲ್ಲ. ಕಾಲಕ್ರಮದಲ್ಲಿ ಅದು ಅವರ ಸ್ವಭಾವವೆಂದೇ ಆಯಿತು. ಬಹುಶಃ ಅವರಿಗೂ ಹಾಗೆಯೇ ಅನ್ನಿಸಿತ್ತು.

ಈ 'ಅವರಿಗೂ ಹಾಗೆಯೇ ಅನ್ನಿಸಿತ್ತು' ಎಂಬಲ್ಲಿ ಅಮರ್ತ್ಯ ಸೇನ್ ನೆನಪಾಗುತ್ತಾರೆ. ಬಂಗಾಳದ ಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ನಡೆದ ಆರೋಗ್ಯ ಸಮೀಕ್ಷೆಯೊಂದನ್ನು ಅವರು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಎತ್ತಿಕೊಂಡಿದ್ದಾರೆ. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಶೇ. 48.5 ಮಂದಿ ತಮಗೆ ಕಾಯಿಲೆ ಅಥವಾ ಆರೋಗ್ಯ ಅಷ್ಟಕ್ಕಷ್ಟೆ ಎಂದಿದ್ದರು. ವಿಧವೆಯರಲ್ಲಿ ಹಾಗೆಂದವರು ಶೇ. 2.5 ಮಾತ್ರ. 'ಅಷ್ಟಕ್ಕಷ್ಟೆ' ಎಂಬ ಉತ್ತರವೊಂದನ್ನೇ ತೆಗೆದುಕೊಂಡರೆ ವಿಧವೆಯರ ಲೆಕ್ಕ ಸೊನ್ನೆ. ಆ ಕಾಲದ ಬಂಗಾಳದ ವಿಧವೆಯರ ಊಟ, ಉಪವಾಸ, ದುಡಿಮೆಗಳ ಬಗ್ಗೆ ಸ್ವಲ್ಪ ಗೊತ್ತಿದ್ದವರಿಗೂ ಅವರೇ ಆ ಊರಿನ ಅತ್ಯಂತ ಆರೋಗ್ಯವಂತರು ಎಂದು ನಂಬಲು ಸಾಧ್ಯವಿಲ್ಲ. ಕೇಳಿ ಕೇಳಿ ಸಿಗದವರು ಕೇಳುವುದನ್ನು ಬಿಡುತ್ತಾರೆ. ಆಮೇಲೆ ಬಯಸುವುದನ್ನೂ ಬಿಡುತ್ತಾರೆ. ಕೊನೆಗೆ, ನೋವನ್ನು ನೋವೆಂದು ಎಣಿಸುವುದನ್ನೇ ಬಿಡುತ್ತಾರೆ. ಸಮೀಕ್ಷೆಯವನು ಬಾಗಿಲಿಗೆ ಬಂದು ಹೇಗಿದ್ದೀರಿ ಎಂದಾಗ ಚೆನ್ನಾಗಿದ್ದೇನೆ ಎನ್ನುತ್ತಾರೆ, ಪ್ರಾಮಾಣಿಕವಾಗಿಯೇ. ಜನರ ಸಂತೃಪ್ತಿಯನ್ನು ಅವರ ಬಾಯಿಂದಲೇ ಕೇಳಿ ಅಳೆಯುವ ಅರ್ಥಶಾಸ್ತ್ರವನ್ನು ಸೇನ್ ಪ್ರಶ್ನಿಸಿದ್ದಕ್ಕೆ ಇದೂ ಒಂದು ಕಾರಣ.

ನಮ್ಮ ಮದುವೆಯ ಜಾಹೀರಾತುಗಳಲ್ಲಿ 'ಹೊಂದಿಕೊಂಡು ಹೋಗುವ ಸ್ವಭಾವದ ವಧು ಬೇಕಾಗಿದೆ' ಎಂದು ಓದುವಾಗಲೆಲ್ಲ ನನಗೆ ನರ್ಸರಿಯ ಆ ವಾಕ್ಯ ಕೇಳಿಸುತ್ತದೆ. ಹೊಂದಿಕೊಳ್ಳುವ ವರನಿಗಾಗಿ ಅಷ್ಟೇ ಆಸೆಯಿಂದ ಹುಡುಕಿದ ಜಾಹೀರಾತು ನನ್ನ ಕಣ್ಣಿಗೆ ಅಪರೂಪಕ್ಕೆ ಬಿದ್ದಿದೆ.

ಇಷ್ಟು ಹೇಳಿದಾಗ ಗೆಳೆಯರೊಬ್ಬರು ತಕರಾರು ತೆಗೆದರು. ಸಾಹಿತ್ಯ ಓದಿಕೊಂಡವರು, ಹಾಗಾಗಿ ತಕರಾರೂ ಗಟ್ಟಿಯಾಗಿತ್ತು. "ಕಡಿಮೆ ಬೇಡುವುದೇ ನಮ್ಮ ನಾಡಿನ ದೊಡ್ಡ ಆದರ್ಶ ಅಲ್ಲವಾ? ನೀವು ಅದನ್ನು ಶೋಷಣೆ ಎಂದುಬಿಟ್ಟರೆ ಉಳಿಯುವುದು ಕೊಳ್ಳುಬಾಕತನ ಮಾತ್ರ." ಈ ವಾದದ ಸಾಕ್ಷಿ ನಮ್ಮ ಜಿಲ್ಲೆಯ ಪಕ್ಕದಲ್ಲೇ ನಿಂತಿದೆ, 42 ಅಡಿ ಎತ್ತರಕ್ಕೆ. 1432ರಲ್ಲಿ ಕಾರ್ಕಳದಲ್ಲಿ ಪ್ರತಿಷ್ಠೆಯಾದ ಬಾಹುಬಲಿಗೆ ಬಟ್ಟೆಯೂ ಬೇಡ, ನೆರಳೂ ಬೇಡ. ಆರು ಶತಮಾನಗಳ ಹತ್ತಿರ ನಮ್ಮದೇ ಮಳೆಯಲ್ಲಿ ನೆನೆಯುತ್ತ ನಿಂತಿದ್ದಾನೆ, ಕಾಲಿಗೆ ಬಳ್ಳಿ ಸುತ್ತಿಕೊಂಡರೂ ಕೊಡವಿಕೊಂಡಿಲ್ಲ. ಇದಕ್ಕಿಂತ ಕಡಿಮೆ ಬೇಡುವವನನ್ನು ಎಲ್ಲಿಂದ ತರುವುದು?

ಆದರೆ ಕತೆಯನ್ನು ಪೂರ್ತಿ ನೆನಪಿಸಿಕೊಳ್ಳಬೇಕು. ಬಾಹುಬಲಿ ಅಣ್ಣ ಭರತನೊಂದಿಗೆ ಕಣ್ಣಿನಲ್ಲಿ, ನೀರಿನಲ್ಲಿ, ಮಲ್ಲಯುದ್ಧದಲ್ಲಿ ಸೆಣಸಿ ಗೆದ್ದವನು. ರಾಜ್ಯ ಅವನ ಕೈಯಲ್ಲಿತ್ತು. ಕೈಯಲ್ಲಿದ್ದದ್ದನ್ನು ನೋಡಿ ಬೇಡ ಎಂದ. ದೊಡ್ಡಮ್ಮನ ಕೈಯಲ್ಲಿ ಫ್ಯಾನಿನ ಸ್ವಿಚ್ಚು ಯಾವತ್ತೂ ಇರಲಿಲ್ಲ. ಇಬ್ಬರ 'ಬೇಡ'ವೂ ಒಂದೇ ಅಕ್ಷರಗಳಲ್ಲಿ ಬರೆಯುವಂಥದ್ದಾದರೂ ಒಂದು ಅಂಕಿತ, ಇನ್ನೊಂದು ಬೇರೆಯವರು ಹಿಡಿದು ಒತ್ತಿಸಿದ ಹೆಬ್ಬೆಟ್ಟು. ಅಪರಿಗ್ರಹ ತನ್ನ ಮೇಲೆ ತಾನು ಹಾಕಿಕೊಳ್ಳುವ ವ್ರತ. ಇನ್ನೊಬ್ಬರ ಮೇಲೆ ಅದನ್ನು ಹೊರಿಸಿ, ಅವರ ಪರವಾಗಿ ನಾವೇ ಹೆಮ್ಮೆಪಟ್ಟುಕೊಳ್ಳುವುದಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ. ಗೆಳೆಯರು ಒಪ್ಪಿದರೋ ಇಲ್ಲವೋ ಗೊತ್ತಿಲ್ಲ, ಕಾಫಿ ಮಾತ್ರ ಇನ್ನೊಂದು ಲೋಟ ಕೇಳಿ ಕುಡಿದರು.

ಕಳ್ಳಿ ಸುಮ್ಮನೆ ಕೂತಿದೆ ಎನ್ನುವುದೂ ಹೊರಗಿನಿಂದ ನೋಡಿದವರ ಮಾತು. ಬಹುತೇಕ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಉಸಿರೆಳೆಯುತ್ತವೆ. ಮರುಭೂಮಿಯ ಹಗಲಿನಲ್ಲಿ ಹಾಗೆ ತೆರೆದರೆ ನೀರೆಲ್ಲ ಆವಿಯಾಗಿ ಹೋಗುತ್ತದೆ. ಹಾಗಾಗಿ ಕಳ್ಳಿ ರಾತ್ರಿ ತೆರೆಯುತ್ತದೆ. ಕತ್ತಲಲ್ಲಿ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಹುಳಿಯ ರೂಪದಲ್ಲಿ, ಮ್ಯಾಲಿಕ್ ಆಮ್ಲವಾಗಿ, ಒಳಗೆ ತುಂಬಿಡುತ್ತದೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿಕೊಂಡು, ಕೂಡಿಟ್ಟದ್ದನ್ನು ಬಿಸಿಲಿನ ಬಲದಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ನಾವು ಎಚ್ಚರವಿದ್ದಾಗ ಅದು ಏನೂ ಮಾಡದಂತೆ ಕಾಣುತ್ತದೆ, ನಾವು ಮಲಗಿದ ಮೇಲೆ ಅದರ ಕೆಲಸ ಶುರು. ಮನೆಮಂದಿ ಏಳುವ ಮೊದಲೇ ಅರ್ಧ ದಿನದ ಕೆಲಸ ಮುಗಿಸಿ, ಹಗಲಿಡೀ "ಮನೆಯಲ್ಲೇ ಇರ್ತಾರೆ" ಎನ್ನಿಸಿಕೊಳ್ಳುವವರ ಹಾಗೆ.

ಈ ಗುಟ್ಟಿನ ಒಂದು ತುದಿ ಸಿಕ್ಕಿದ್ದು ನಮ್ಮ ದೇಶದ ನೆಲದಲ್ಲೇ. ಟಿಪ್ಪುವಿನ ನಂತರದ ವರ್ಷಗಳಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞ ಕಾಡುಬಸಳೆಯ ಎಲೆಯನ್ನು ಅಗಿದು ನೋಡಿದ. ನಮ್ಮ ಕಡೆ ಮೂತ್ರಕಲ್ಲಿಗೆಂದು ಬೆಳಗ್ಗೆ ತಿನ್ನಿ ಎನ್ನುತ್ತಾರಲ್ಲ, ಅದೇ ದಪ್ಪ ಎಲೆ. ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ. 19ನೆಯ ಶತಮಾನದ ಎರಡನೆಯ ದಶಕದಲ್ಲಿ ಅವನ ಈ ಟಿಪ್ಪಣಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಪೂರ್ತಿ ವಿವರಣೆ ಬರಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ನನಗೆ ಇಷ್ಟವಾಗುವುದು ವಿವರಣೆಗಿಂತ ಆ ಅಗಿಯುವಿಕೆ. ಒಂದೇ ಗಿಡದ ಎಲೆಯನ್ನು ದಿನಕ್ಕೆ ಮೂರು ಹೊತ್ತು ಬಾಯಿಗೆ ಹಾಕಿಕೊಳ್ಳುವಷ್ಟು ಕುತೂಹಲ. ಗಿಡ ಮಾತಾಡದಿದ್ದರೇನಂತೆ, ಇವನು ಮೂರು ಸಲ ಕೇಳಿದನಲ್ಲ.

ಕೇಳಬೇಕು ಎಂದಾಕ್ಷಣ ಕೊಡ ಹಿಡಿದು ಓಡುವವರೂ ಇದ್ದಾರೆ. ಮಂಗಳೂರಿನ ಮನೆಗಳೊಳಗೆ ಕಳ್ಳಿ ಸಾಯುವುದು ಬಾಯಾರಿಕೆಯಿಂದಲ್ಲ. ದಿನಾ ಬೆಳಗ್ಗೆ ತುಳಸಿಗೆ ನೀರು ಹಾಕಿದ ಕೈ ಚೆಂಬಿನಲ್ಲಿ ಉಳಿದದ್ದನ್ನು ಕಳ್ಳಿಗೂ ಸುರಿಯುತ್ತದೆ, "ಪಾಪ, ಅದಕ್ಕೂ ಸ್ವಲ್ಪ" ಎಂದು. ಪ್ರೀತಿ ಹೆಚ್ಚಾಗಿ ಸತ್ತಿತು ಎಂದು ನಾವು ಆಮೇಲೆ ಹೇಳಿಕೊಳ್ಳುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಿಂಗಳುಗಟ್ಟಲೆ ಮರೆತವನಿಗೂ ದಿನಾ ನೀರು ಸುರಿದವನಿಗೂ ನಡುವೆ ಕಾಣುವಷ್ಟು ದೂರವಿಲ್ಲ. ಇಬ್ಬರೂ ಮಣ್ಣು ಮುಟ್ಟಿ ನೋಡಿಲ್ಲ. ಒಬ್ಬನಿಗೆ ತನ್ನ ಪುರಸೊತ್ತು ಮುಖ್ಯವಾಯಿತು, ಇನ್ನೊಬ್ಬನಿಗೆ ತನ್ನ ಸಮಾಧಾನ. ಪಿಜಿಯಲ್ಲಿರುವ ಮಗಳಿಗೆ ದಿನಕ್ಕೆ ಆರು ಸಲ ಫೋನು ಮಾಡಿ "ಊಟ ಆಯ್ತಾ" ಎಂದು ಮಾತ್ರ ಕೇಳುವ ಮನೆಗಳು ನನಗೆ ಗೊತ್ತು. ಏಳನೆಯ ಸಲವಾದರೂ ಬೇರೆ ಏನಾದರೂ ಕೇಳಬಹುದಿತ್ತು.

ಕನ್ನಡ ಇಲ್ಲಿ ನನಗೆ ಸಹಾಯಕ್ಕೆ ಬರುತ್ತದೆ. ನಾವು ಮಗುವನ್ನು, ಮುದುಕರನ್ನು, ಅಂಗಡಿಯನ್ನು, ಗಿಡವನ್ನು 'ನೋಡಿಕೊಳ್ಳುತ್ತೇವೆ'. ಆರೈಕೆಗೆ ನಾವು ದಿನಬಳಕೆಯಲ್ಲಿ ಹೇಳುವ ಮಾತು ನೋಡುವುದರಿಂದ ಹುಟ್ಟಿದೆ, ಮಾಡುವುದರಿಂದಲ್ಲ. ಹಾಗೆಯೇ 'ಸಾಕು' ಎಂಬ ಮಾತು. ಸಾಕುವುದು ಎಂದರೆ ಪೋಷಿಸುವುದು, ಸಾಕು ಎಂದರೆ ಇಷ್ಟಕ್ಕೆ ನಿಲ್ಲಿಸು. ಎರಡಕ್ಕೂ ಭಾಷೆಯಲ್ಲಿ ಸಂಬಂಧ ಇದೆಯೋ ಇಲ್ಲವೋ ಪಂಡಿತರು ಹೇಳಲಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಕಳ್ಳಿ ಕುಂಡದ ಮುಂದೆ ನಿಂತವನಿಗೆ ಎರಡೂ ಒಟ್ಟಿಗೆ ಬೇಕಾಗುತ್ತವೆ.

ನಾನು ಮಾಡುವುದು ಇಷ್ಟು. ಕುಂಡದ ತಳದಲ್ಲಿ ಹಂಚಿನ ಚೂರು ಹಾಕುತ್ತೇನೆ. 19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹಂಚು ಸುಡಲು ಶುರುಮಾಡಿದ ಪುಣ್ಯಕ್ಕೆ ಮಂಗಳೂರಿನಲ್ಲಿ ಒಡೆದ ಹಂಚಿಗೆ ಬರವಿಲ್ಲ. ಮಣ್ಣಿಗಿಂತ ಮರಳು, ಸಣ್ಣ ಜಲ್ಲಿಯೇ ಹೆಚ್ಚು. ಪ್ಲಾಸ್ಟಿಕ್ಕಿಗಿಂತ ಬೆವರುವ ಮಣ್ಣಿನ ಕುಂಡ ವಾಸಿ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಮಣ್ಣಿಗೆ ಆಳವಾಗಿ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಒಳಗಿನ ತೇವ ಗೊತ್ತಾಗುತ್ತದೆ. ಕುಂಡವನ್ನು ಎತ್ತಿ ಭಾರ ನೋಡುವುದು ಇನ್ನೂ ಒಳ್ಳೆಯದು, ಕೈಗೆ ಲೆಕ್ಕ ಬೇಗ ಕೂರುತ್ತದೆ. ಬೇಸಿಗೆಯಲ್ಲಿ ಪೂರ್ತಿ ಒಣಗಿದ ಮೇಲೆ ಧಾರಾಳವಾಗಿ ನೀರು. ಮಳೆಗಾಲದಲ್ಲಿ ವಾರಗಟ್ಟಲೆ ಒಂದು ಹನಿಯೂ ಇಲ್ಲ. ಆದರೆ ಆ ಹನಿಯಿಲ್ಲದ ವಾರಗಳಲ್ಲೇ ಹೆಚ್ಚು ಸಲ ಬಗ್ಗಿ ಬುಡ ನೋಡಬೇಕಾಗುತ್ತದೆ, ಬೆರಳಲ್ಲಿ ಒತ್ತಿ ಗಟ್ಟಿ ಇದೆಯೇ ಎಂದು. ಕೈ ಏನೂ ಮಾಡದ, ಕಣ್ಣು ಮಾತ್ರ ದುಡಿಯುವ ನಾಲ್ಕು ತಿಂಗಳು. ಗುಲಾಬಿಗೆ ಇಷ್ಟು ಕಷ್ಟವಿಲ್ಲ, ಅದು ಏನಿದ್ದರೂ ಹೇಳಿಬಿಡುತ್ತದೆ.

ಕೆಲವು ಮನೆಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಮುಳ್ಳಿನ ಗಿಡ ಹೊಸ್ತಿಲಿನೊಳಗೆ ಬರಬಾರದು ಎಂಬ ನಂಬಿಕೆ. ಬೇಲಿಗೆ ಆದೀತು, ಒಳಗೆ ಬೇಡ. ಅಂಥ ಮನೆಗಳ ಅಂಗಳದಲ್ಲೂ ಒಂದು ಬ್ರಹ್ಮಕಮಲ ಇದ್ದೇ ಇರುತ್ತದೆ. ಹಿಮಾಲಯದಲ್ಲಿ ಬೆಳೆಯುವ, ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲ ಬೇರೆ. ನಮ್ಮ ಅಂಗಳದ್ದು ಮೆಕ್ಸಿಕೋ, ಮಧ್ಯ ಅಮೆರಿಕದ ಕಾಡುಗಳಿಂದ ಬಂದ ಎಪಿಫಿಲಮ್, ಅಪ್ಪಟ ಕ್ಯಾಕ್ಟಸ್ ಕುಲದ್ದು. ಮುಳ್ಳಿಲ್ಲ, ಹೂವಿದೆ, ಹೆಸರಿನಲ್ಲಿ ಬ್ರಹ್ಮನಿದ್ದಾನೆ. ಮೊಗ್ಗು ಬಾಗಿ ಕತ್ತು ಎತ್ತಿದ ದಿನ ಅಕ್ಕಪಕ್ಕದವರಿಗೆ ಫೋನು ಹೋಗುತ್ತದೆ, ಚಿಮಣಿ ದೀಪದ ಕಾಲದಲ್ಲಿ ಕೂಗಿ ಕರೆಯುತ್ತಿದ್ದರು. ಮಳೆ ಬಿಟ್ಟ ರಾತ್ರಿಯಲ್ಲಿ ಹತ್ತೂವರೆಗೆ ಕುರ್ಚಿ ಹಾಕಿಕೊಂಡು ಕೂತು, ದಳ ಬಿಚ್ಚುವುದನ್ನು ನೋಡಿ, ಆರತಿ ಎತ್ತುವವರೂ ಉಂಟು. ವರ್ಷದ ಉಳಿದ ದಿನ ಆ ಗಿಡ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಇರುತ್ತದೆ. ಹೂ ಬಿಟ್ಟ ರಾತ್ರಿ ಮಾತ್ರ ಜನ ಸೇರುವುದರಲ್ಲಿ ತಪ್ಪೇನೂ ಇಲ್ಲ, ಹೂವೇ ಹಾಗಿದೆ. ಆದರೂ ಒಂದು ಗಿಡವನ್ನು ನೋಡಲು ನಾವು ನಿದ್ದೆಗೆಡಬಲ್ಲೆವು ಎಂದಾಯಿತು.

ಏನೂ ಬೇಡದೆ ಬದುಕುವ ಗುಣವನ್ನು ನಾವು ಎಲ್ಲೆಡೆಯೂ ಮೆಚ್ಚುವುದಿಲ್ಲ ಎಂಬುದಕ್ಕೆ ಪಾಪಾಸುಕಳ್ಳಿಯ ಚರಿತ್ರೆ ಸಾಕ್ಷಿ. ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳುವಿಗಾಗಿ ಈಸ್ಟ್ ಇಂಡಿಯಾ ಕಂಪನಿ 18ನೆಯ ಶತಮಾನದ ಕೊನೆಯಲ್ಲಿ ಈ ಗಿಡಕ್ಕೆ ಮದ್ರಾಸಿನಲ್ಲಿ ತೋಟವನ್ನೇ ಮಾಡಿತ್ತು. 1795ರಲ್ಲಿ ಬ್ರೆಜಿಲಿನಿಂದ ಬಂದದ್ದು ಬೇರೆ ಜಾತಿಯ ಹುಳು. ಒಳ್ಳೆಯ ಬಣ್ಣ ಸಿಗಲಿಲ್ಲ, ಅದು ಗಿಡವನ್ನೇ ತಿಂದು ಮುಗಿಸಿತು. ಮುಂದೆ ಪಾಪಾಸುಕಳ್ಳಿಯ ಬೇರೊಂದು ಜಾತಿ ದಕ್ಷಿಣ ಭಾರತದಲ್ಲಿ ಹದ್ದುಮೀರಿ ಹಬ್ಬಿದಾಗ 1926ರಲ್ಲಿ ಶ್ರೀಲಂಕಾದಿಂದ ಅದನ್ನು ತಿನ್ನುವ ಹುಳುವನ್ನು ಬೇಕೆಂದೇ ತರಿಸಿದರು. ಆಸ್ಟ್ರೇಲಿಯಾದಲ್ಲಂತೂ 1920ರ ದಶಕದ ಹೊತ್ತಿಗೆ ಸುಮಾರು 6 ಕೋಟಿ ಎಕರೆ ಕಳ್ಳಿಯ ಪಾಲಾಗಿತ್ತು. ಅದನ್ನು ತಿಂದು ತೆರವು ಮಾಡಿದ ಪತಂಗದ ನೆನಪಿಗೆ ಕ್ವೀನ್ಸ್‌ಲ್ಯಾಂಡಿನ ಬೂನಾರ್ಗದಲ್ಲಿ 1936ರಲ್ಲಿ ಒಂದು ಸಭಾಭವನವನ್ನೇ ಕಟ್ಟಿದರು. ಯಾರ ಹಂಗೂ ಇಲ್ಲದೆ ಬೆಳೆಯುವ ಶಕ್ತಿ ಹೊಲದಲ್ಲಿದ್ದರೆ ಕಳೆ, ಕುಂಡದಲ್ಲಿದ್ದರೆ ಸದ್ಗುಣ. ಹೊಗಳಿಕೆಗೆ ಕುಂಡದ ಅಂಚು ಬೇಕು.

ಕೊನೆಯದಾಗಿ, ನರ್ಸರಿಗಳಲ್ಲಿ ಎಲ್ಲರ ಕಣ್ಣು ಮೊದಲು ಹೋಗುವ ಗಿಡದ ವಿಷಯ. ಹಸಿರು ಕಾಂಡದ ಮೇಲೆ ಕುಂಕುಮದುಂಡೆಯಂಥ ಕೆಂಪು ತಲೆ, ಕೆಲವು ಹಳದಿ, ಕೆಲವು ಕಿತ್ತಳೆ. 'ಮೂನ್ ಕ್ಯಾಕ್ಟಸ್' ಎಂದು ಮಾರುತ್ತಾರೆ. ಅದು ಒಂದು ಗಿಡವಲ್ಲ, ಎರಡು. ಮೇಲಿನ ಕೆಂಪು ತಲೆಯಲ್ಲಿ ಪತ್ರಹರಿತ್ತು ಇಲ್ಲ. ತನ್ನ ಆಹಾರವನ್ನು ತಾನು ಮಾಡಿಕೊಳ್ಳಲಾರದ ಆ ರೂಪಾಂತರ ಬೀಜದಿಂದ ಹುಟ್ಟಿದರೂ ಕೆಲವೇ ದಿನಗಳಲ್ಲಿ ಸಾಯುವಂಥದ್ದು. ಜಪಾನಿನ ತೋಟಗಾರರು ಅದನ್ನು ಇನ್ನೊಂದು ಕಳ್ಳಿಯ ಕಾಂಡಕ್ಕೆ ಕಸಿ ಮಾಡಿ ಬದುಕಿಸಿದರು, ಈಗ ದಕ್ಷಿಣ ಕೊರಿಯಾದಿಂದ ಲೋಕಕ್ಕೆಲ್ಲ ಹೋಗುತ್ತದೆ. ಕೆಳಗಿನ ಮೂರು ಮೂಲೆಯ ಹಸಿರು ಕಾಂಡ ನೀರೆಳೆದು, ಬೆಳಕು ಹಿಡಿದು, ತನಗೂ ಮೇಲಿನದಕ್ಕೂ ಅನ್ನ ಮಾಡುತ್ತದೆ. ಅದು ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟಿನ ಬಳಗದ ಬಳ್ಳಿ. ಕೊಳ್ಳುವವರು ಅದನ್ನು ಗಿಡ ಎಂದೇ ಎಣಿಸುವುದಿಲ್ಲ, ಕೆಂಪಿಗೆ ಇಟ್ಟ ಸ್ಟ್ಯಾಂಡು ಎಂದುಕೊಳ್ಳುತ್ತಾರೆ.

ಮಂಗಳೂರಿನ ಎರಡು ಮಳೆಗಾಲ ದಾಟುವ ಕೆಂಪು ತಲೆ ಕಡಿಮೆ. ಅದು ಮೆತ್ತಗಾಗಿ ಕುಸಿದ ದಿನ ಕುಂಡ ಸಮೇತ ಕಸದ ಗಾಡಿಗೆ ಹೋಗುತ್ತದೆ. ಪಕ್ಕದ ಫ್ಲ್ಯಾಟಿನವರು ಹೋದ ಆಗಸ್ಟಿನಲ್ಲಿ ಹಾಗೆ ಹೊರಗಿಟ್ಟದ್ದನ್ನು ನಾನು ಕೇಳಿ ತಂದೆ. ಕೊಳೆತ ತಲೆಯನ್ನು ಚೂರಿಯಿಂದ ಕೆತ್ತಿ ತೆಗೆದೆ. ಕೆಳಗಿನ ಕಾಂಡ ಸೌತೆಕಾಯಿಯಷ್ಟು ಗಟ್ಟಿಯಾಗಿತ್ತು. ಒಣಗಲು ಬಿಟ್ಟು, ದೊಡ್ಡ ಕುಂಡದಲ್ಲಿ ಗೊಬ್ಬರದ ಮಣ್ಣಿಗೆ ನೆಟ್ಟೆ. ನವರಾತ್ರಿಯ ಹೊತ್ತಿಗೆ ಪಕ್ಕದಿಂದ ಚಿಗುರು ಒಡೆಯಿತು, ಈಗ ಬಾಲ್ಕನಿಯ ಸರಳನ್ನು ತನ್ನ ಗಾಳಿಬೇರುಗಳಿಂದ ಕಚ್ಚಿಕೊಂಡು ನನ್ನ ಭುಜದೆತ್ತರ ಏರಿದೆ. ಇದು ಮರುಭೂಮಿಯ ಗಿಡವಲ್ಲ, ಮಳೆಕಾಡಿನ ಮರ ಹತ್ತುವ ಜಾತಿ. ಗೊಬ್ಬರ ತಿನ್ನುತ್ತದೆ, ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ನೀರು ಬೇಕು, ತಪ್ಪಿದರೆ ಕಾಂಡದ ಮೂಲೆಗಳು ಒಳಸರಿದು ಸುಕ್ಕುಗಟ್ಟುತ್ತವೆ. ಆನಿಕೆಗೆ ಇನ್ನೊಂದು ಕಂಬ ಬೇಕಾಗಿದೆ.